ಮೂರನೇ ಸಲ ಕೇಳುವ ಸತ್ಯವ್ವ

ಬೆಳಿಗ್ಗೆ ಆರು ಗಂಟೆ. ಅನಗೋಳದ ಓಣಿಯೊಂದರಲ್ಲಿ ಸತ್ಯವ್ವ ಬಾಗಿಲು ಬಡಿಯುತ್ತಿದ್ದಾರೆ. ಕೈಯಲ್ಲಿ ಹೆಸರಿನ ಪಟ್ಟಿ, ತುರುಬಿನಲ್ಲಿ ಸಿಕ್ಕಿಸಿದ ಪೆನ್ನು. ಪ್ರವಾಸಕ್ಕೆ ಬರುತ್ತೀರಾ ಎಂದು ಕೇಳಿ ಮುಗಿಸುವ ಮೊದಲೇ, ಬಾಗಿಲು ತೆರೆದ ಎಪ್ಪತ್ತೆಂಟರ ಸಂಗವ್ವ ಕೈ ಅಲ್ಲಾಡಿಸುತ್ತಾರೆ. "ಖಾನಾಪುರಕ್ಕ ನಾ ಎಲ್ಲಿ ಬರ್ಲೆ ಯವ್ವಾ, ಬಿಡು. ಮಣಕಾಲು ಒಂದ ಸವನ ಬ್ಯಾನಿ."

ಸತ್ಯವ್ವನವರ ಕುರಿತು ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು 'ಸಂಗವ್ವ: ಇಲ್ಲ' ಎಂದು ಬರೆದುಕೊಳ್ಳುತ್ತೇನೆ. ಸತ್ಯವ್ವ ಮತ್ತೆ ಕೇಳುತ್ತಾರೆ. ಈಗ ಬಿಸಿಲಿನ ನೆಪ. ಮೂರನೇ ಸಲ ಕೇಳಿದ್ದೇ ತಡ, "ಇಷ್ಟ ಹಟಾ ಹಿಡದ್ರ ಏನ್ ಮಾಡ್ಲಿ? ಕಿಡಕಿ ಬಾಜು ಕುಂದರಸು ಮತ್ತ," ಎನ್ನುತ್ತಾರೆ ಸಂಗವ್ವ. ಒಳಗೆ ಗೂಟಕ್ಕೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಆಗಲೇ ತೂಗುತ್ತಿದೆ! ನಾನು ಬರೆದದ್ದನ್ನು ಹೊಡೆದು ಹಾಕುತ್ತೇನೆ.

ಸತ್ಯವ್ವ ಇಲ್ಲಿನ ಹಿರಿಯರ ಹಗಲು ಕೇಂದ್ರದ ಆಯಾ. ಬರುವ ವಾರದ ಕಾರ್ಯಕ್ರಮಗಳು ಕೇಂದ್ರದ ಹಲಗೆಯ ಮೇಲಿವೆ: ಸೋಮವಾರ ಕಣ್ಣಿನ ತಪಾಸಣೆ, ಬುಧವಾರ ಕೇರಂ ಪಂದ್ಯ, ಗುರುವಾರ ಖಾನಾಪುರದ ಹೊಳೆದಂಡೆಗೆ ಪ್ರವಾಸ, ಶುಕ್ರವಾರ ಭಜನೆ. ಗುರುವಾರದ ಸಾಲಿನ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆ. ಹೊಸ ವ್ಯವಸ್ಥಾಪಕ ಪ್ರಸಾದ ಇಪ್ಪತ್ತೆಂಟು ಹಿರಿಯರಿಗೂ ಫೋನ್ ಮಾಡಿ, ಒಂದೊಂದೇ ಸಲ ಕೇಳಿ, 'ಹೌದು', 'ಇಲ್ಲ' ಎಂದು ಗುರುತು ಹಾಕಿದ್ದಾರೆ. ಹೌದು ಎಂದವರು ನಾಲ್ವರು. ಇಂದು ಹತ್ತು ಗಂಟೆಯೊಳಗೆ ಇಪ್ಪತ್ತು ಹೆಸರು ಸಿಗದಿದ್ದರೆ ಪ್ರವಾಸ ರದ್ದು. ಅಷ್ಟೇ ಅಲ್ಲ, ಯಾರಿಗೂ ಆಸಕ್ತಿಯಿಲ್ಲವೆಂದು ಮುಂದಿನ ವರ್ಷದಿಂದ ಪ್ರವಾಸಗಳನ್ನೇ ಕೈಬಿಡುವುದು ಎಂದು ಕೇಂದ್ರ ನಡೆಸುವ ಟ್ರಸ್ಟಿನವರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಈ ಓಟ.

ಎರಡನೆಯ ಮನೆಯಲ್ಲಿ ರಾಮಲಿಂಗ ಎಂಬ ಅಜ್ಜ "ಒಲ್ಲೆ" ಎನ್ನುತ್ತಾರೆ. ಸತ್ಯವ್ವ ನಮಸ್ಕಾರ ಹೇಳಿ ಹೊರಟೇಬಿಡುತ್ತಾರೆ. ಇವರನ್ನೇಕೆ ಮತ್ತೆ ಕೇಳಲಿಲ್ಲ? ನನ್ನ ತಲೆ ಕೆಡುತ್ತದೆ.

"ಅವರು ಖರೇನ ಒಲ್ಲೆ ಅಂದ್ರಿ," ಎನ್ನುತ್ತಾರೆ ಸತ್ಯವ್ವ. "ಖರೇ ಒಲ್ಲದವರು ಕಾರಣ ಹೇಳೂದಿಲ್ಲ. ಮಣಕಾಲು, ಬಿಸಲು, ಮೊಮ್ಮಗನ ಸಾಲಿ ಅಂತ ಸುರು ಮಾಡಿದ್ರ ಬರಾಕ ತಯಾರ ಅದಾರಂತ ತಿಳೀರಿ. ಒಮ್ಮೆಗೇ ಹೂಂ ಅನ್ನಾಕ ಸಂಕೋಚ. ಆಸೆಬುರುಕಿ ಅಂದಾರು ಅಂತ ಹೆದರಿಕಿ."

ಸರಿ, ತಿಳಿಯಿತು ಎಂದುಕೊಳ್ಳುವಷ್ಟರಲ್ಲಿ ದುಂಡಪ್ಪನವರ ಮನೆ. ಪ್ರಸಾದರ ಪಟ್ಟಿಯಲ್ಲಿ ಇವರು 'ಹೌದು'. ಆದರೆ ಇವರು ಬರುವುದಿಲ್ಲವಂತೆ! "ಪಾಪ, ಹೊಸ ಸಾಹೇಬ್ರು. ಬ್ಯಾಸರ ಮಾಡ್ಕೊಂಡಾರಂತ ಹೂಂ ಅಂದಿದ್ದೆ," ಎಂದು ನಗುತ್ತಾರೆ. ಬರುವವರು ಇಲ್ಲ ಎನ್ನುತ್ತಾರೆ, ಬಾರದವರು ಹೌದು ಎನ್ನುತ್ತಾರೆ. ಇಪ್ಪತ್ತು ವರ್ಷ ಜನರನ್ನು ಮಾತಾಡಿಸಿ ಬರೆದ ನನಗೆ ಈ ಓಣಿಯಲ್ಲಿ ಒಂದು ಉತ್ತರವೂ ತಿಳಿಯುತ್ತಿಲ್ಲ.

ಸತ್ಯವ್ವ ಹುಟ್ಟಿದ್ದು ಖಾನಾಪುರದ ಬಾಜೂ ಹಳ್ಳಿಯಲ್ಲಿ. ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಗಂಡ ರಾಯಪ್ಪ ತೀರಿಕೊಂಡು ಒಂಬತ್ತು ವರ್ಷ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು ಈ ಕೆಲಸದಿಂದಲೇ. ದಿನಕ್ಕೆ ಐವತ್ತಾರು ಕಪ್ ಚಹಾ. ಅದರಲ್ಲಿ ಯಾರಿಗೆ ಸಕ್ಕರೆ ಬೇಡ, ಯಾರ ಎಡಗಿವಿ ಕೇಳಿಸದು ಎಲ್ಲ ಬಾಯಿಪಾಠ. ಕೆಲಸಕ್ಕೆ ಸೇರಿದ ವರ್ಷ ಗಡಿಬಿಡಿಯಲ್ಲಿ ಸಂಗವ್ವನನ್ನು ಎರಡೇ ಸಲ ಕೇಳಿ ವ್ಯಾನ್ ಹೊರಡಿಸಿದ್ದರಂತೆ. "ಆಕಿ ಹೊಸ ಸೀರಿ ಉಟಗೊಂಡು ಮಧ್ಯಾಹ್ನದ ಮಟ ಬಾಗಲದಾಗ ನಿಂತಿದ್ಲಂತ್ರಿ. ಹದಿನೈದ ದಿನ ನನ್ನ ಜೋಡಿ ಮಾತಾಡ್ಲಿಲ್ಲ. ಅದು ಇನ್ನೂ ಚುಚ್ಚತೈತಿ."

ಎಂಟು ವರ್ಷಗಳಲ್ಲಿ ಹನ್ನೊಂದು ಪ್ರವಾಸಕ್ಕೆ ಜನರನ್ನು ಹೊರಡಿಸಿದ್ದಾರೆ. ನೀವು ಯಾವುದಕ್ಕೆ ಹೋಗಿದ್ದಿರಿ ಎಂದು ಕೇಳಿದರೆ ಅವರ ನಡಿಗೆ ನಿಧಾನವಾಗುತ್ತದೆ. "ನನ್ನ ಯಾರ ಕೇಳ್ತಾರ್ರೀ?"

ಹತ್ತಕ್ಕೆ ಐದು ನಿಮಿಷವಿರುವಾಗ ಕೇಂದ್ರ ಮುಟ್ಟುತ್ತೇವೆ. ಪಟ್ಟಿಯಲ್ಲಿ ಇಪ್ಪತ್ತೊಂದು ಹೆಸರು. ಪ್ರಸಾದ ಎರಡೆರಡು ಸಲ ಎಣಿಸುತ್ತಾರೆ, ತಮ್ಮ ಫೋನಿನ ಗುರುತುಗಳನ್ನು ನೋಡುತ್ತಾರೆ, ಕಣ್ಣುಜ್ಜಿಕೊಳ್ಳುತ್ತಾರೆ. "ಇವರೆಲ್ಲಾ ಬರೂದಿಲ್ಲ ಅಂದಿದ್ರಲ್ರಿ!" ಸತ್ಯವ್ವ ಹಲಗೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಸೆರಗಿನಿಂದ ಒರೆಸಿ ಚಹಾದ ಕಪ್ ತೊಳೆಯಲು ಕೂರುತ್ತಾರೆ.

ವ್ಯಾನಿನಲ್ಲಿ ಇಪ್ಪತ್ತೆರಡು ಸೀಟು. "ಒಂದು ಖಾಲಿ ಉಳೀತು. ಸತ್ಯವ್ವಾ, ನೀವೂ ಬರ್ರಿ," ಎನ್ನುತ್ತಾರೆ ಪ್ರಸಾದ.

"ನಾ ಎಲ್ಲಿ ಬರ್ಲಿ ಸಾಹೇಬ್ರ. ಇಲ್ಲಿ ಉಳದವರಿಗೆ ಚಾ ಯಾರ ಮಾಡ್ತಾರ?"

"ಒಂದ ದಿನ ನಾ ಮಾಡ್ತೀನಿ. ಬರ್ರಿ."

"ಬಿಸಲ ಭಾಳ ಐತ್ರಿ. ಮ್ಯಾಲ ಮಣಕಾಲು ಬ್ಯಾರೆ..."

ಪ್ರಸಾದ ತಲೆಯಾಡಿಸಿ ಪೆನ್ನಿಗೆ ಮುಚ್ಚಳ ಹಾಕಿ ಒಳಗೆ ಹೋಗುತ್ತಾರೆ. ಹಾಗಾದರೆ ನೀವು ಹೋಗುವುದಿಲ್ಲವೇ ಎಂದು ಕೇಳುತ್ತೇನೆ.

ಸತ್ಯವ್ವ ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಾ, ಒಳಗಿನ ಬಾಗಿಲ ಕಡೆ ಕಣ್ಣಿಟ್ಟು ಸಣ್ಣ ದನಿಯಲ್ಲಿ ಹೇಳುತ್ತಾರೆ: "ತಡೀರಿ. ಸಾಹೇಬ್ರು ಇನ್ನೂ ಎರಡ ಸಲ ಅಷ್ಟ ಕೇಳ್ಯಾರ."