ಕಂಬದಕ್ಕನ ಒಂದು ವ್ಯಾಟ್

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬಂದರಿನ ದಕ್ಕೆಗೆ ಕಟ್ಟಿದ ಮೀನುಗಾರಿಕೆ ದೋಣಿಯ ಕಂಬದ ತುದಿಯಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಹೆಂಗಸೊಬ್ಬರು ರಬ್ಬರ್ ಟೇಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೇತಾಡುತ್ತಿದ್ದಾರೆ. ಹಣೆಗೆ ಟಾರ್ಚು, ಕೊರಳಿಗೆ ಮೀಟರು. ದೋಣಿ ಅಲುಗಿದಂತೆಲ್ಲ ಅವರೂ ಅಲುಗುತ್ತಾರೆ. ನಾನು ಕೆಳಗೆ ನಿಂತು ನೋಡುತ್ತಿದ್ದೇನೆ.

"ಒತ್ತೋ!" ಎಂದು ಮೇಲಿನಿಂದ ಕೂಗು ಬರುತ್ತದೆ. ಚಾಲಕನ ಕೋಣೆಯಲ್ಲಿರುವ ಯುವಕ ವೈರ್‌ಲೆಸ್ಸಿನ ಮೈಕ್ ಹಿಡಿದು ಗುಂಡಿ ಒತ್ತುತ್ತಾನೆ. "ಬಿಡು. ಇನ್ನೊಂದ್ಸಲ ಒತ್ತು. ಕೆಳಗಿನ ಮೀಟರು ಎಷ್ಟು ತೋರಿಸ್ತಿದೆ?" ಅವನು ಹೇಳುತ್ತಾನೆ. ಅವರು ಮೇಲಿನ ಮೀಟರನ್ನು ನೋಡುತ್ತಾರೆ, ಎರಡನ್ನೂ ಮನಸ್ಸಿನಲ್ಲೇ ತೂಗುತ್ತಾರೆ. ಕೇಬಲ್ಲನ್ನು ಆಂಟೆನಾಗೆ ಮತ್ತೆ ಸಿಕ್ಕಿಸಿ, ಕೀಲಿನ ಸುತ್ತ ಟೇಪನ್ನು ಎಳೆದೆಳೆದು ಸುತ್ತುತ್ತಾರೆ. ಇಳಿದು ಬಂದಾಗ ಮೊಣಕಾಲು ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಲ್ಲುತ್ತಾರೆ. ವಯಸ್ಸು ಐವತ್ತು ದಾಟಿದೆ.

ಈ ಬಂದರಿನಲ್ಲಿ ಅವರನ್ನು ಎಲ್ಲರೂ ಕಂಬದಕ್ಕ ಎನ್ನುತ್ತಾರೆ. ಇಂಥವರ ಬಗ್ಗೆ ಬರೆಯುವಾಗ ನಾವು ಪತ್ರಿಕೆಯವರು ಎಲೆಮರೆಯ ಕಾಯಿ ಎಂದು ಶುರು ಮಾಡುವುದು ರೂಢಿ. ಇವರಿಗೆ ಎಲೆಯ ಮರೆಯೂ ಇಲ್ಲ. ಇಡೀ ದಕ್ಕೆಗೆ ಕಾಣುವಷ್ಟು ಎತ್ತರದಲ್ಲಿ ದಿನಬೆಳಗಾದರೆ ನೇತಾಡುತ್ತಾರೆ, ಆದರೂ ತಲೆಯೆತ್ತಿ ನೋಡುವವರಿಲ್ಲ. ಮೀನಿನ ಬುಟ್ಟಿ ಹೊತ್ತವರಿಗೆ ಅವರು ಕಂಬದ ಒಂದು ಭಾಗ, ಅಷ್ಟೇ.

ಮೈಕ್ ಒತ್ತುತ್ತಿದ್ದ ಯುವಕ ಅವರ ಮೈದುನನ ಮಗ. ಐದಾರು ವರ್ಷ ಬೇರೆಯವರ ದೋಣಿಗಳಲ್ಲಿ ಬಲೆ ಎಳೆದು, ಇವತ್ತು ಮೊದಲ ಸಲ ಚಾಲಕನಾಗಿ ಚುಕ್ಕಾಣಿ ಹಿಡಿಯುತ್ತಿದ್ದಾನೆ. ಖುಷಿಯ ದಿನವಾಗಬೇಕಿತ್ತು. ದೊಡ್ಡಮ್ಮನ ಮುಖದಲ್ಲಾಗಲಿ ಮಗನ ಮುಖದಲ್ಲಾಗಲಿ ಖುಷಿಯ ಸುಳಿವಿಲ್ಲ. ಹೊರಡುವ ಮುಂಚೆ ಅವನು ಒಂದು ಷರತ್ತು ಹಾಕಿದ್ದಾನೆ. ಸಮುದ್ರಕ್ಕೆ ಇಳಿದ ಮೇಲೆ ಅವನು ವೈರ್‌ಲೆಸ್ಸಿನಲ್ಲಿ ಕರೆಯುತ್ತಾನೆ. ಆ ಕರೆಗೆ ದೊಡ್ಡಮ್ಮ ಉತ್ತರ ಕೊಡಕೂಡದು, ದೊಡ್ಡಪ್ಪನೇ ಕೊಡಬೇಕು. ದೊಡ್ಡಪ್ಪ ಮೈಕ್ ಮುಟ್ಟಿ ಹತ್ತು ವರ್ಷದ ಮೇಲಾಗಿದೆ.

ದಕ್ಕೆಯ ಕೊನೆಯಲ್ಲಿ ತಗಡಿನ ಶೆಡ್ಡು. ಒಳಗೆ ಒಂದು ಉದ್ದನೆಯ ಮೇಜು, ಬೆಸುಗೆ ಹಾಕುವ ಕಡ್ಡಿ, ಹೊಟ್ಟೆ ಬಿಚ್ಚಿಕೊಂಡು ಬಿದ್ದ ನಾಲ್ಕೈದು ವೈರ್‌ಲೆಸ್ ಸೆಟ್ಟುಗಳು. ಗೋಡೆಗೆ ಒಂದು ದೊಡ್ಡ ಸೆಟ್ಟು ಯಾವಾಗಲೂ ಚಾಲೂ ಇದ್ದು ಗೊರಗೊರ ಎನ್ನುತ್ತಿರುತ್ತದೆ. ಕಂಬದಕ್ಕ ಒಂದು ಸೆಟ್ಟನ್ನು ಮುಂದೆಳೆದುಕೊಂಡು, ಅದರೊಳಗಿನ ಪುಟ್ಟ ತಂತಿಯ ಸುರುಳಿಯನ್ನು ತೋರಿಸುತ್ತಾರೆ. ಆ ಸುತ್ತುಗಳ ನಡುವಿನ ಸಂದು ಕೂದಲೆಳೆಯಷ್ಟು ಹಿಗ್ಗಿದರೆ, ಕುಗ್ಗಿದರೆ, ಸೆಟ್ಟಿನ ದನಿ ಹೋಗಬೇಕಾದ ಕಡೆ ಹೋಗದೆ ಪಕ್ಕಕ್ಕೆ ಸರಿಯುತ್ತದಂತೆ. ಸಂದು ಸರಿಮಾಡಲು ಅವರು ಬಳಸುವುದು ಸ್ಕ್ರೂ ಡ್ರೈವರಲ್ಲ, ಉಜ್ಜಿ ಚೂಪು ಮಾಡಿದ ಪ್ಲಾಸ್ಟಿಕ್ಕಿನ ಹೆಣಿಗೆ ಕಡ್ಡಿ.

"ಕಬ್ಬಿಣ ತಗೊಂಡ್ಹೋದ್ರೆ ಇದಕ್ಕೆ ಆಗಲ್ಲ. ಕಬ್ಬಿಣ ಹತ್ರ ಬಂತು ಅಂದ್ರೇನೇ ಹಟ ಮಾಡುತ್ತೆ. ನನ್ನ ಕೈ ಹತ್ರ ಹೋದ್ರೂ ಅಷ್ಟೇ. ಸರಿಯಾಯ್ತು ಅಂತ ಕಾಣುತ್ತೆ, ಕೈ ತೆಗೆದ್ರೆ ಮತ್ತೆ ತಪ್ಪಿರುತ್ತೆ. ಅದಕ್ಕೇ ಮುಟ್ಟೋದು, ಕೈ ತೆಗೆಯೋದು, ನೋಡೋದು. ಮತ್ತೆ ಮುಟ್ಟೋದು" ಎನ್ನುತ್ತಾರೆ. ಹೇಳುತ್ತಲೇ ಮುಟ್ಟಿ, ಕೈ ತೆಗೆದು, ನೋಡುತ್ತಾರೆ. ಕಿವಿ ಹಿಂಡಿದರೆ ಹಾಡುವ ಡಬ್ಬವೇ ರೇಡಿಯೊ ಎಂದುಕೊಂಡಿದ್ದ ನಾನು ಆ ಕಡ್ಡಿಯ ತುದಿಯನ್ನೇ ನೋಡುತ್ತ ಕೂರುತ್ತೇನೆ.

ದಿನಕ್ಕೆ ಎರಡೋ ಮೂರೋ ದೋಣಿ, ಹಂಗಾಮು ಶುರುವಾಗುವ ಹೊತ್ತಿಗೆ ಐದಾರು. ಅಷ್ಟು ಸಲ ಕಂಬ ಹತ್ತಬೇಕು, ಅಷ್ಟೇ ಸಲ ಇಳಿಯಬೇಕು. ಬೆರಳುಗಳ ತುಂಬ ಬೆಸುಗೆಯ ಸುಟ್ಟ ಕಲೆಗಳು. ಅಂಗೈಯಲ್ಲಿ ಹಗ್ಗದ ಗೀರುಗಳು. ಮೊದಮೊದಲು ದೋಣಿಯವರು ಮೂಗು ಮುರಿದರಂತೆ, ಹೆಂಗಸು ಕಂಬ ಹತ್ತುವುದೇ ಎಂದು. "ಹಾಗಾದ್ರೆ ನೀವೇ ಹತ್ತಿ, ನಾನು ಕೆಳಗೆ ನಿಂತು ಮೂಗು ಮುರೀತೀನಿ ಅಂದೆ. ಆಮೇಲೆ ಯಾರೂ ಮಾತಾಡ್ಲಿಲ್ಲ" ಎಂದು ನಗುತ್ತಾರೆ. ನಾನು ಅಲ್ಲಿದ್ದಷ್ಟು ಹೊತ್ತಿನಲ್ಲಿ ಅವರು ನಕ್ಕಿದ್ದು ಆಗ ಮಾತ್ರ.

ಶೆಡ್ಡಿನ ಹೊರಗೆ, ಮೆಟ್ಟಿಲ ಮೇಲೆ ಅವರ ಯಜಮಾನರು ಕುಳಿತಿದ್ದಾರೆ. ದೋಣಿಗಳಿಂದ ಕಿತ್ತು ಬಿಸಾಡಿದ ಹಳೆಯ ಕೇಬಲ್ಲುಗಳ ರಾಶಿ ಪಕ್ಕದಲ್ಲಿದೆ. ಒಂದೊಂದನ್ನೇ ತೆಗೆದು, ಚೂರಿಯಿಂದ ಈ ತುದಿಯಿಂದ ಆ ತುದಿಯವರೆಗೆ ಕರಿಯ ಸಿಪ್ಪೆ ಸೀಳಿ, ಒಳಗಿನ ತಾಮ್ರದ ಹೆಣಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಗುಜರಿಗೆ ಹೋಗುವ ಮಾಲು, ಇಷ್ಟು ಜೋಪಾನವಾಗಿ ಸೀಳುವ ಅಗತ್ಯವೇ ಇಲ್ಲ. ನಮಸ್ಕಾರ ಎಂದೆ. ತಲೆಯಾಡಿಸಿದರು. ಮುಂದಿನ ಕೇಬಲ್ಲಿಗೆ ಕೈ ಹಾಕಿದರು.

ಈ ಬಂದರಿನ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದವರು ಅವರೇ. ಕಂಬದಕ್ಕ ಆಗ ಮನೆಯಲ್ಲಿ ಕುಳಿತು ಅವರಿಗೆ ಸುರುಳಿ ಸುತ್ತಿಕೊಡುತ್ತಿದ್ದರು, ಬೆರಳು ಸಣ್ಣವೆಂದು. ಹೀಗಿರುವಾಗ ಒಮ್ಮೆ ಯಜಮಾನರ ತಮ್ಮನ ದೋಣಿಯ ಸೆಟ್ಟು ಸುಟ್ಟಿತು. ಅಣ್ಣ ಅದನ್ನು ರಿಪೇರಿ ಮಾಡಿ, ದೋಣಿಯಲ್ಲಿ ಕೂರಿಸಿ, ಮೀಟರು ಹಾಕಿ ನೋಡಿದರು.

ಆ ಮೀಟರಿನ ವಿಷಯ ಕಂಬದಕ್ಕ ನನಗೆ ಬಿಡಿಸಿ ಹೇಳುತ್ತಾರೆ. ಅದಕ್ಕೆ ಎರಡು ಮುಳ್ಳು. ಸೆಟ್ಟಿನಿಂದ ಎಷ್ಟು ಶಕ್ತಿ ಹೊರಟಿತು ಎಂದು ಒಂದು ಹೇಳುತ್ತದೆ, ಆಂಟೆನಾ ಒಪ್ಪಿಕೊಳ್ಳದೆ ಎಷ್ಟು ವಾಪಸ್ ಕಳಿಸಿತು ಎಂದು ಇನ್ನೊಂದು. "ಬಿಂದಿಗೆಯಿಂದ ಸಣ್ಣ ಬಾಯಿ ಬಾಟ್ಲಿಗೆ ನೀರು ಬಗ್ಗಿಸಿದ್ರೆ ಅರ್ಧ ನಮ್ಮ ಮೈಮೇಲೇ ಬರುತ್ತಲ್ಲ, ಹಾಗೆ. ವಾಪಸ್ ಬಂದಿದ್ದು ಸೆಟ್ಟನ್ನೇ ಸುಡುತ್ತೆ. ಅದಕ್ಕೇ ಎರಡನೇ ಮುಳ್ಳು ಅಲುಗಾಡದೆ ಮಲಗಿದ್ರೆ ಎಲ್ಲಾ ಸರಿ ಇದೆ ಅಂತ ಲೆಕ್ಕ."

ತಮ್ಮನ ದೋಣಿಯಲ್ಲಿ ಮುಳ್ಳು ಮಲಗಿತ್ತು. ಬಂದರಿನೊಳಗಿಂದಲೇ ಒಂದು ಕರೆ ಮಾಡಿ ನೋಡಿದರು, ದನಿ ಗಂಟೆ ಹೊಡೆದಂತೆ ಕೇಳಿಸಿತು. ಹೊರಡು ಎಂದರು. ಮೂರನೆಯ ದಿನ ಬಿರುಗಾಳಿಗೆ ದೋಣಿ ಮಗುಚಿತು. ಬದುಕಿ ಬಂದವನು ಒಬ್ಬನೇ. ಯಜಮಾನರ ತಮ್ಮ ಕೊನೆಯವರೆಗೂ ಮೈಕ್ ಬಿಡದೆ ಕೂಗುತ್ತಿದ್ದನೆಂದು ಅವನು ಹೇಳಿದ. ಆಸುಪಾಸಿನಲ್ಲಿ ಬೇರೆ ದೋಣಿಗಳಿದ್ದವು. ಒಂದಕ್ಕೂ ಏನೂ ಕೇಳಿಸಿರಲಿಲ್ಲ.

ವಾರದ ಮೇಲೆ ಮುರಿದ ಕಂಬ ಕೇಬಲ್ ಸಮೇತ ದಡಕ್ಕೆ ಬಂತು. ಅಣ್ಣ ಅಲ್ಲೇ ಮರಳಿನ ಮೇಲೆ ಕುಳಿತು ಕೇಬಲ್ ಸೀಳಿದರು. ಒಳಗೆ ಉಪ್ಪುನೀರು. "ಕಂಬ ನೀರಲ್ಲಿತ್ತಲ್ಲ, ಈಗ ಹೋಗಿರೋ ನೀರಿರಬೇಕು ಅಂದೆ ನಾನು. ಅವ್ರು ತಾಮ್ರ ತೋರಿಸಿದ್ರು. ಉದ್ದಕ್ಕೂ ಹಸಿರುಗಟ್ಟಿತ್ತು. ಅಷ್ಟು ಹಸಿರುಗಟ್ಟೋಕೆ ತಿಂಗಳುಗಟ್ಲೆ ಬೇಕು. ಮೇಲಿನ ಕೀಲಲ್ಲಿ ಟೇಪು ಎದ್ದು, ಯಾವತ್ತಿಂದ್ಲೋ ನೀರು ಇಳೀತಾ ಇತ್ತು."

ನೀರು ಕುಡಿದ ಕೇಬಲ್ಲು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ಮೇಲಕ್ಕೆ ಹೋಗುವಾಗ ಬಹುಪಾಲು ನುಂಗುತ್ತದೆ, ವಾಪಸ್ ಬರುವ ಅಷ್ಟಿಷ್ಟನ್ನೂ ನುಂಗಿಬಿಡುತ್ತದೆ. ಹಾಗಾಗಿ ಕೆಳಗಿನ ಮೀಟರಿನಲ್ಲಿ ಎರಡನೆಯ ಮುಳ್ಳು ಹಾಯಾಗಿ ಮಲಗಿರುತ್ತದೆ. ಎಲ್ಲಾ ಸರಿ ಇದ್ದಾಗ ಹೇಗೋ ಹಾಗೇ. ಇನ್ನು ಬಂದರಿನೊಳಗಿನ ಕರೆ? ಅಷ್ಟು ಹತ್ತಿರಕ್ಕೆ ಎಂಥ ಕೇಬಲ್ಲೂ ದನಿ ಮುಟ್ಟಿಸುತ್ತದೆ. ನುರಿತ ಮೆಕ್ಯಾನಿಕ್ಕೇ ನಂಬಿಬಿಡುವಂಥ ತಪ್ಪು ಇದು. ಮೀಟರು ನೋಡಲು ಬಾರದವನಿಗೆ ಇಂಥ ತಪ್ಪು ಮಾಡಲೂ ಬಾರದು.

ಅಂದಿನಿಂದ ಯಜಮಾನರು ಸೆಟ್ಟು ಮುಟ್ಟಿಲ್ಲ. ಯಾರೂ ಅವರನ್ನು ಬೈಯಲಿಲ್ಲ. ತಮ್ಮನ ಹೆಂಡತಿ ಕೂಡ ಒಂದು ಮಾತು ಆಡಲಿಲ್ಲ. "ಅವಳು ಬೈದಿದ್ರೆ ಚೆನ್ನಾಗಿತ್ತು. ನನ್ನ ಓರಗಿತ್ತಿ ದೊಡ್ಡ ಮನಸ್ಸು ಮಾಡಿದ್ಲು, ಇವ್ರು ಅದರ ಕೆಳಗೆ ಹೂತುಹೋದ್ರು" ಎನ್ನುತ್ತಾರೆ ಕಂಬದಕ್ಕ. ಕೈಚೆಲ್ಲಿ ಕುಳಿತರೆ ಮನೆ ನಡೆಯದು. ಅದಕ್ಕಿಂತ ಮುಖ್ಯವಾಗಿ, ದೋಣಿಗಳು ನಿಲ್ಲುವುದಿಲ್ಲ, ಸೆಟ್ಟುಗಳು ಸುಡುವುದೂ ನಿಲ್ಲುವುದಿಲ್ಲ. ಸುರುಳಿ ಸುತ್ತುತ್ತಿದ್ದ ಕೈ ಬೆಸುಗೆ ಕಡ್ಡಿ ಹಿಡಿಯಿತು.

ಕಂಬದಕ್ಕ ಎರಡು ನಿಯಮ ಮಾಡಿಕೊಂಡರು. ಮೊದಲನೆಯದು, ಕೆಳಗಿನ ಮೀಟರನ್ನು ನಂಬುವುದಿಲ್ಲ, ತುದಿಗೆ ಎಷ್ಟು ತಲುಪಿತೆಂದು ಕಂಬ ಹತ್ತಿಯೇ ನೋಡಬೇಕು. ಎರಡನೆಯದು, ತಡೆಗೋಡೆಯಾಚೆ ದೂರದಲ್ಲಿ ತೇಲುವ ಕೆಂಪು ಗುರುತಿನ ಬಳಿ ಹೋಗಿ ದೋಣಿ ಕರೆಯಬೇಕು, ಅದೂ ಸೆಟ್ಟನ್ನು ಒಂದೇ ವ್ಯಾಟಿಗೆ ಇಳಿಸಿ. ಪೂರ್ತಿ ಶಕ್ತಿ ಇಪ್ಪತ್ತೈದು ವ್ಯಾಟ್. "ಗಂಟಲು ಹರ್ಕೊಂಡು ಕೂಗಿದ್ರೆ ಯಾರಿಗೆ ಬೇಕಾದ್ರೂ ಕೇಳಿಸುತ್ತೆ. ಪಿಸುಗುಟ್ಟಿದ್ದು ನಂಗೆ ಕೇಳಿಸ್ಬೇಕು. ಆಗ ಆಪತ್ತಲ್ಲಿ ಕೂಗಿದ್ದು ದೂರದವ್ರಿಗೆ ಕೇಳಿಸುತ್ತೆ." ಶೆಡ್ಡಿನಿಂದ ಉತ್ತರ ಬಾರದಿದ್ದರೆ ದೋಣಿ ವಾಪಸ್ ಬರಬೇಕು. ಎಷ್ಟೇ ಅವಸರವಿರಲಿ, ಎಷ್ಟೇ ಹಿಡಿಶಾಪ ಹಾಕಲಿ, ಈ ಬಂದರಿನವರು ಇದನ್ನು ಮೀರುವುದಿಲ್ಲ.

ಬೆಳಗ್ಗೆ ದೋಣಿಗಳು ಕರೆಯಲು ಶುರು ಮಾಡಿದರೆ ಯಜಮಾನರು ಮೆಟ್ಟಿಲಿನಿಂದ ಎದ್ದು ದೂರ ಹೋಗುತ್ತಾರಂತೆ. ಮನೆಯಲ್ಲಿ ರೇಡಿಯೊ ಇಲ್ಲ. ಯಾರಾದರೂ ಮೊಬೈಲಿನಲ್ಲಿ ಜೋರಾಗಿ ಮಾತಾಡಿದರೂ ಮುಖ ಕಿವುಚುತ್ತಾರೆ. ಹುಡುಗ ಹೊರಡುವ ಮುಂಚೆ ನನ್ನ ಬಳಿ ನಿಂತು, ದೊಡ್ಡಪ್ಪನಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ: "ನಮ್ಮಪ್ಪನ ಕೂಗು ಕೇಳಿಸ್ಲಿಲ್ಲ ಅಂತ ಇವ್ರು ಕಿವಿ ಮುಚ್ಕೊಂಡು ಕೂತ್ರೆ ಹೇಗೆ ಸಾರ್? ನಾನು ಇನ್ನೂ ಬದುಕಿದ್ದೀನಲ್ಲ. ನನ್ನ ಕೂಗು ಯಾರು ಕೇಳ್ಬೇಕು?" ದೊಡ್ಡಪ್ಪ ಕೇಬಲ್ ಸೀಳುತ್ತಲೇ ಇದ್ದರು. ಎದ್ದು ಹೋಗಲಿಲ್ಲ, ಅಷ್ಟೇ.

ದೋಣಿ ತಡೆಗೋಡೆ ದಾಟುತ್ತದೆ. ಶೆಡ್ಡಿನೊಳಗೆ ಕಂಬದಕ್ಕ ಮೈಕನ್ನು ಮೇಜಿನ ಅಂಚಿಗೆ, ಬಾಗಿಲಿಗೆ ಹತ್ತಿರವಾಗಿ ಸರಿಸಿ ಇಡುತ್ತಾರೆ. ತಾವು ದೂರದ ಮೂಲೆಯಲ್ಲಿ ಸ್ಟೂಲಿನ ಮೇಲೆ, ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಾರೆ. ಗೊರಗೊರದ ನಡುವೆ ದನಿ ಬರುತ್ತದೆ. ಸಣ್ಣದು, ಆದರೆ ಸ್ಪಷ್ಟ.

"ದೊಡ್ಡಪ್ಪಾ, ಕೆಂಪು ಗುರುತಿನ ಹತ್ರ ಇದ್ದೀನಿ. ಒಂದು ವ್ಯಾಟ್. ಕೇಳಿಸ್ತಾ?"

ಮೆಟ್ಟಿಲ ಮೇಲೆ ಯಜಮಾನರ ಕೈಯ ಚೂರಿ ಸೀಳುವುದನ್ನು ನಿಲ್ಲಿಸಿದೆ. ಎರಡನೆಯ ಸಲ ಕರೆ ಬರುತ್ತದೆ. ಅಷ್ಟರಲ್ಲಿ ಬೇರೊಂದು ದೋಣಿಯ ಗಡಸು ದನಿ ನಡುವೆ ತೂರುತ್ತದೆ: "ನಂಗೆ ಚೆನ್ನಾಗಿ ಕೇಳಿಸ್ತಾ ಇದೆ ಕಣಪ್ಪ, ಹೋಗು ಹೋಗು." ಹುಡುಗ ಹೇಳುತ್ತಾನೆ, "ನಿಮ್ಮನ್ನಲ್ಲ ಅಣ್ಣ ಕೇಳಿದ್ದು. ನಮ್ಮ ದೊಡ್ಡಪ್ಪನ್ನ." ಆ ದನಿ ಸುಮ್ಮನಾಗುತ್ತದೆ. ಇಡೀ ಬಂದರಿಗೆ ಈ ಕಥೆ ಗೊತ್ತು. ಮೂರನೆಯ ಸಲ ಕರೆಯುವಾಗ ಹುಡುಗನ ದನಿ ಸ್ವಲ್ಪ ಒಡೆಯುತ್ತದೆ. ಕಂಬದಕ್ಕನ ಕಣ್ಣಲ್ಲಿ ನೀರು ತುಂಬಿ ಇಳಿಯುತ್ತದೆ. ಒರೆಸಿಕೊಳ್ಳಲೂ ಅವರು ಕೈ ಹೊರಗೆ ತೆಗೆಯುವುದಿಲ್ಲ. ಯಜಮಾನರು ಮೈಕನ್ನು ನೋಡುತ್ತಾರೆ. ಏಳುವುದಿಲ್ಲ.

ದೋಣಿ ತಿರುಗಿತು. ಹೊಸ ಚಾಲಕನ ಮೊದಲ ದಿನವೇ ಮೀನಿಲ್ಲದ ದಿನ. ದಕ್ಕೆಗೆ ತಾಗಿದಾಗ ಜೊತೆಯವರು ಗೊಣಗುತ್ತ ಇಳಿದರು, ಹುಡುಗ ಕೊನೆಗೆ ಇಳಿದ. ಯಜಮಾನರು ಮೆಟ್ಟಿಲಿಳಿದು ದಕ್ಕೆಯ ಅಂಚಿನವರೆಗೂ ನಡೆದು ಹೋದರು. ಅಲ್ಲಿಗೆ ಅವರು ಹೋಗಿದ್ದನ್ನು ನೋಡಿ ಎಷ್ಟು ಕಾಲವಾಯಿತೆಂದು ಕಂಬದಕ್ಕ ನನ್ನ ಪಕ್ಕದಲ್ಲಿ ನಿಂತು ಪಿಸುಗುಟ್ಟಿದರು.

"ಕೇಳಿಸ್ತು ಕಣೋ" ಎಂದರು ಯಜಮಾನರು. ನಾನು ಕೇಳಿದ ಅವರ ಮೊದಲ ಮಾತು ಅದು. "ಮೂರು ಸಲಾನೂ ಕೇಳಿಸ್ತು."

"ಅದನ್ನ ಅಲ್ಲೇ ಹೇಳ್ಬೇಕಿತ್ತು ದೊಡ್ಡಪ್ಪ" ಎಂದ ಹುಡುಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ದೊಡ್ಡಪ್ಪ ಅವನ ಭುಜ ಮುಟ್ಟಲು ಕೈಯೆತ್ತಿ, ಹಾಗೇ ಇಳಿಸಿ, ವಾಪಸ್ ಬಂದು ಕೇಬಲ್ಲುಗಳ ಪಕ್ಕ ಕುಳಿತರು.

ಕಂಬದಕ್ಕ ಹಗ್ಗ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ದೋಣಿ ಕಾಯುತ್ತಿದೆ. ನಾಳೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ನಾಳೆ ಮತ್ತೆ ಹೊರಡ್ತಾನೆ. ನಾನು ನಾಳೆನೂ ಮೈಕ್ ಮುಟ್ಟಲ್ಲ."

ನಾಳೆಯೂ ಯಜಮಾನರು ಮಾತಾಡದಿದ್ದರೆ?

ಕಂಬದಕ್ಕ ಆ ದೋಣಿಯ ಕಂಬದ ಮೊದಲ ಮೆಟ್ಟಿಗೆ ಕಾಲಿಡುತ್ತ, ಮೊಣಕಾಲಿನ ನೋವಿಗೆ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ.

"ಮತ್ತೆ ವಾಪಸ್ ಬರ್ತಾನೆ. ಬರ್ಲಿ ಬಿಡಿ. ವಾಪಸ್ ಬರ್ಲಿ ಅಂತ ತಾನೇ ನಾನು ಇಷ್ಟು ವರ್ಷ ಕಂಬ ಹತ್ತಿದ್ದು."