ಉತ್ತರದ ಕೆಂಪು ಚುಕ್ಕಿ

ಅಫಜಲಪುರದ ಮಂಜರಿ ಭಾಳ ಗಟ್ಟಿ ಹೆಣ್ಣಮಗಳ್ರಿ. ದೆವ್ವ ಭೂತ ಅಂದ್ರ ಪಕಪಕಾ ನಗಾಕಿ. ಅಂಥಾಕಿ, ಗಂಡ ತೀರಿಕೊಂಡ ಮ್ಯಾಲ, ಕಡಗಂಚಿ ಕ್ಯಾಂಪಸ್ಸಿನ ಲ್ಯಾಬಿನ ಬಾಗಲಾ ತೆಗಿಯೂಮುಂದ ಒಂದ್ಸಲ ಕೆಮ್ಮಿ ಒಳಗ ಹೋಗಾಕ ಸುರು ಮಾಡಿದ್ಲು. ಒಳಗ ಕುಂತವ್ರಿಗಿ ಗೊತ್ತಾಗಲಿ ಅಂತ. ಯಾರು ಕುಂತಿದ್ರು? ಯಾರೂ ಇಲ್ಲ.

ಗಂಡ ಅನೂಪ ಆಳಂದದಾಂವ. ಇಬ್ಬರೂ ಅದೇ ಲ್ಯಾಬಿನಾಗ ಪಿಎಚ್‌ಡಿ ಮಾಡಾಕತ್ತಿದ್ರು. ಅಲ್ಲೇ ಜಗಳಾಡಿ ಅಲ್ಲೇ ಲಗ್ನ ಠರಾಸಿದ್ರು. ಹೋದ ದಸರಾ ಮುಗದು ದೀಪಾವಳಿ ಬರೂದರಾಗ ಡೆಂಗ್ಯೂ ಜ್ವರ ಅವನ್ನ ಒಯ್ದುಬಿಡ್ತು, ಪಾಪ.

ಅವ ಬಿಟ್ಟು ಹೋಗಿದ್ದು ಉಗುರಿನಷ್ಟು ಅಗಲದ ಒಂದು ಫಿಲ್ಮು. ಅಯಸ್ಕಾಂತದ ಗುಣ ಇದ್ದರೂ ಕರೆಂಟ್ ಹರಿಯಗೊಡದ ತೆಳ್ಳನ ಪದರ. ಕೆಳಗ ಕಾಸಿ ಮ್ಯಾಲ ತಣ್ಣಗಿಟ್ರ ಎಲೆಕ್ಟ್ರಾನು ಇದ್ದಲ್ಲೇ ಇರತಾವ, ಅವುಗಳ ಸ್ಪಿನ್, ಅಂದ್ರ ಒಳಗಿನ ಸಣ್ಣ ಅಯಸ್ಕಾಂತದ ಗುಣ, ಅಷ್ಟೇ ಶಾಖದ ಸಂಗಡ ಮ್ಯಾಲ ಹರೀತದ. ಮ್ಯಾಲಿನ ಪ್ಲಾಟಿನಂ ಅದನ್ನ ಹಿಡದು ಸಣ್ಣ ವೋಲ್ಟೇಜ್ ಮಾಡಿ ತೋರಸ್ತದ. ಅಯಸ್ಕಾಂತ ತಿರುವಿದ್ರ ವೋಲ್ಟೇಜಿನ ಚಿಹ್ನೆನೂ ತಿರುಗತದ. ಬ್ಯಾರೆಯವರ ಫಿಲ್ಮು ಮೈನಸ್ ತೋರಿಸೂ ಕಡೆ ಅನೂಪನ ಫಿಲ್ಮು ಪ್ಲಸ್ ತೋರಿಸಿತ್ತು. ಅವನ ಶೋಧ ಅಂದ್ರ ಅದೇ.

ಈಗ ಮಂಜರಿ ಅಳದ್ರ ಮೈನಸ್. ಮತ್ತ ಅಳದ್ರ ಮತ್ತ ಮೈನಸ್. ಹೋಲಿಸಿ ನೋಡಾಕ ಬ್ಯಾರೆ ಫಿಲ್ಮೂ ಇದ್ದಿಲ್ಲ.

ಗೈಡ್ ವ್ಯಂಕಟೇಶ ಸರ್ ಮೆತ್ತಗ ಹೇಳಿದ್ರು: “ನೋಡವಾ, ಈ ವಾರದಾಗ ಪ್ಲಸ್ ಬರಲಿಲ್ಲಂದ್ರ ಅನೂಪನ ಅಚ್ಚಾದ ಪೇಪರ್ ವಾಪಸ್ ತಗೋಬೇಕಾಗ್ತದ. ಮಂದಿ ಏನಂತಾರ, ನಿನಗೂ ಗೊತ್ತದ.”

ಗೊತ್ತಿರಲಾರದೇನು? ಸತ್ತಾಂವ ಸುಳ್ಳು ಬರದಾನ ಅಂತಾರ. ಅಂವ ಎದ್ದು ಬಂದು ಜವಾಬು ಕೊಡತಾನೇನು, ಹಾಳಾದ ಮಂದಿ!

ಮನ್ಯಾಗ ಮೈನಸ್ಸಿನ ಸುದ್ದಿ ಕೇಳಿ ಅತ್ತಿ ಭಾಗೀರಥಿಬಾಯಿ ಅಂದ್ಲು: “ನನ್ನ ಮಗ ಎದರಿಗಿ ನಿಂತು ಏನೋ ಬ್ಯಾಡ ಅನ್ನಾಕತ್ತಾನ. ಗಾಣಗಾಪುರಕ್ಕ ಹೋಗಿ ಬರೂಣು ಬಾರವಾ.”

“ಅಲ್ಲಿ ಮೈಮ್ಯಾಲ ಬಂದವ್ರನ್ನ ಬಿಡಸ್ತಾರ್ರಿ ಅತ್ತಿ. ನನಗ ಬಿಡಸೂದು ಬ್ಯಾಡ.”

ಅತ್ತಿನೂ ಸಾಮಾನ್ಯ ಹೆಂಗಸಲ್ಲ. ಅನೂಪ ಹೋದಾಗ ಓಣಿ ಮುದುಕ್ಯಾರು ಕುಂಕುಮ ಅಳಸಾಕ ಬಂದ್ರ, “ನನ್ನ ಸೊಸಿ ಹಣಿ ಮುಟ್ಟಿದ್ರ ನೋಡ್ರಿ ಮತ್ತ!” ಅಂತ ಬಾಗಲದಾಗ ಅಡ್ಡ ನಿಂತಾಕಿ.

ವಾರದ ಕಡೀ ದಿನ. ಮಟಮಟ ಮಧ್ಯಾಹ್ನ, ಬ್ಯಾಸಗಿ. ಕರೆಂಟ್ ಹೋಗಿ ಎಸಿ ಬಂದ್ ಆಗಿತ್ತು. ಮಂಜರಿ ಬೆವತ ಕೈಲೇ ಅಯಸ್ಕಾಂತ ಬಿಚ್ಚಿ ಹಿಡದು, “ಏನು ಬ್ಯಾಡ ನಿನಗ? ಬಾಯಿ ಬಿಟ್ಟು ಹೇಳಲಾ ಮಾರಾಯಾ,” ಅಂತ ಅಳಾಕತ್ಲು. ಕಣ್ಣೀರು ಒರಸಾಕ ಕೈ ಎತ್ತಿದ್ರ, ಬೆರಳು ಕೆಂಪಗಾಗಿತ್ತು.

ಅಯಸ್ಕಾಂತದ ಮ್ಯಾಲ ಕೆಂಪು ಬಣ್ಣ ಅಂದ್ರ ಉತ್ತರ ಧ್ರುವ, ಅದು ಲ್ಯಾಬಿನ ಮಂದಿಗೆಲ್ಲಾ ಗೊತ್ತು. ಅನೂಪ ಹೋದ ಮ್ಯಾಲ ರೂಮು ಬದಲಾತು, ಎಲ್ಲಾ ಬಿಚ್ಚಿ ಜೋಡಿಸೂಮುಂದ ಈ ಕೆಂಪು ಚುಕ್ಕಿ ನೋಡೇ ಮಂಜರಿ ಇದು ಉತ್ತರ ಅಂತ ಕೂಡಿಸಿದ್ಲು. ಆದ್ರ ಬಣ್ಣ ಬೆವರಿಗೆ ಬಿಡತದೇನು? ಮೂಗಿಗೆ ಹಿಡದ್ಲು. ಕುಂಕುಮ!

ಅವ್ವಯ್ಯ, ಖಂಡೇ ಪೂಜಾ! ದಸರಾದಾಗ ಲ್ಯಾಬಿನ ಒಂದೊಂದು ಸಾಮಾನಕ್ಕೂ ಅನೂಪ ಕುಂಕುಮ ಹಚ್ಚಿದ್ದ. ಅಯಸ್ಕಾಂತಕ್ಕ ಹಚ್ಚಿದ ಬೆರಳಲೇ ಈಕಿ ಹಣಿಗೂ ಹಚ್ಚಿ, “ನೀನೂ ನಮ್ಮ ಮಷೀನೇ, ಭಾಳ ಲಗೂ ಬಿಸಿ ಆಗ್ತೀ,” ಅಂತ ಕಾಡಿಸಿದ್ದ.

ದಿಕ್ಸೂಚಿ ಹಿಡದು ನೋಡಿದ್ಲು. ಚುಕ್ಕಿ ಇದ್ದದ್ದು ದಕ್ಷಿಣದ ಮ್ಯಾಲ. ಕರೆಂಟ್ ಬಂದ ಮ್ಯಾಲ ಅಯಸ್ಕಾಂತ ತಿರುವಿ ಕೂಡಿಸಿ ಅಳದ್ಲು. ಪ್ಲಸ್.

“ಸರ್, ಅಂವ ಖರೇನ ಬರದಿದ್ದ್ರೀ!” ಅಂತ ಒದರಿದ್ಲು.

ಓಡಿ ಬಂದ ಸರ್ ಅಂಕಿ ನೋಡಿದ್ರು, ಆಕಿ ಬೆರಳು ನೋಡಿದ್ರು, ಎಲ್ಲಾ ಕೇಳಿದ್ರು. “ಆ ಚುಕ್ಕಿ ಹಂಗೇ ಇರಲಿ ಬಿಡವಾ,” ಅಂದ್ರು.

“ಇಟ್ರ ನಾಳೆ ಬಂದವ್ರೂ ನನ್ನಂಗ ಮೋಸ ಹೋಗ್ತಾರ್ರಿ. ಮತ್ತ ಅವನಿಗೇ ಸುಳ್ಳ ಅಂತಾರ.”

ಸ್ಪಿರಿಟಿನ ಹತ್ತಿ ತಗೊಂಡ್ಲು. ಕೈ ಮುಂದಕ್ಕ ಹೋಗಲೊಲ್ಲದು. ಬ್ಯಾರೆ ಸಾಮಾನಿಂದೆಲ್ಲಾ ಆವಾಗಲೇ ಒರಸಿಹೋಗಿತ್ತು; ಅಂವ ಕಡೀಕ ಮುಟ್ಟಿ ಬಿಟ್ಟು ಹೋದ ಗುರ್ತು ಅದೊಂದೇ. ಹಣಿ ಮ್ಯಾಲಿಂದು ಅತ್ತಿ ಉಳಿಸಿದ್ಲು. ಇದನ್ನ ತಾನೇ ಒರಸಿದ್ಲು.

ಮರುದಿನ ಮುಂಜಾನೆ ಲ್ಯಾಬಿನ ಬಾಗಲ ಮುಂದ ನಿಂತು, ರೂಢಿಯಂಗ ಕೆಮ್ಮಾಕ ಹೋಗಿ ತಡದ್ಲು. ಸುಮ್ಮನ ಕೀಲಿ ತಗದು ಒಳಗ ಹೋದ್ಲು.