ದೇವರ ಜಗಲಿಗೆ ಹೋದ ಇಂಜೆಕ್ಷನ್

ಮೊದಲು ಕಂಡದ್ದು ನಾಲಿಗೆಯ ಮೇಲಿನ ಬಿಳಿ ಪದರ. ಹಾಲಿನ ಗುರುತೆಂದು ಒರೆಸಿದೆ. ಹೋಗಲಿಲ್ಲ. ಆಮೇಲೆ ಕೆಮ್ಮು, ಭೇದಿ, ಮತ್ತೆ ಕೆಮ್ಮು. ನನ್ನ ಮಗಳು ಸಾನ್ವಿಗೆ ಮೂರು ತಿಂಗಳಾದರೂ ತೂಕ ಹುಟ್ಟಿದಾಗ ಇದ್ದಷ್ಟೇ. ಏಕಸಂಬಿಯ ನಮ್ಮ ಮನೆಗೆ ಬಂದವರೆಲ್ಲ ದೃಷ್ಟಿಯಾಗಿದೆ ಎಂದರು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನೂ ಬೇಡವೆನ್ನಲಿಲ್ಲ.

ಬೆಂಗಳೂರಿನ ಡಾಕ್ಟರ್ ಬ್ಲಡ್ ರಿಪೋರ್ಟ್ ನೋಡಿ, ಗಂಡ ಹೆಂಡತಿ ಸಂಬಂಧಿಕರೇ ಎಂದು ಕೇಳಿದರು. ಹೌದು, ಗಂಡ ನನ್ನ ಸೋದರತ್ತೆಯ ಮಗ. ನಮ್ಮ ಕಡೆ ಅದು ಯಾರೂ ಕೇಳುವ ಮಾತೇ ಅಲ್ಲ.

ಮಗುವಿಗೆ ಇಮ್ಯುನಿಟಿಯೇ ಇರಲಿಲ್ಲ.

ಎಡಿಎ ಎಂಬ ಎಂಜೈಮ್ ಇದೆಯಂತೆ. ಜೀವಕೋಶಗಳಲ್ಲಿ ಉಳಿಯುವ ಪ್ಯೂರಿನ್ ಕಸವನ್ನು ಅದು ಗುಡಿಸುತ್ತದೆ. ಸಾನ್ವಿಯಲ್ಲಿ ಅದು ಇಲ್ಲದೆ, ಕಸವೇ ವಿಷವಾಗಿ ಬಿಳಿ ರಕ್ತಕಣಗಳನ್ನು ಕೊಲ್ಲುತ್ತಿತ್ತು. ಬೋನ್ ಮ್ಯಾರೋ ಹೊಂದುವ ದಾನಿ ಸಿಗುವವರೆಗೆ ವಾರಕ್ಕೊಂದು ಇಂಜೆಕ್ಷನ್. ಆಕಳ ಎಂಜೈಮಿನ ಮಾದರಿ ಹಿಡಿದು, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳಿಂದ ಮಾಡಿಸಿದ್ದು. ಯಾವ ಬ್ಯಾಕ್ಟೀರಿಯಾಗೆ ಹೆದರಿ ಮಗುವನ್ನು ಒಂದು ಕೋಣೆಯಲ್ಲಿ ಮುಚ್ಚಿಟ್ಟಿದ್ದೆವೋ, ಅದೇ ಜಾತಿ ಅವಳಿಗೆ ಜೀವದ ಬುತ್ತಿ ಕಟ್ಟಿ ಕಳಿಸುತ್ತಿತ್ತು.

ಊರಿಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದೆ. ಮೊಮ್ಮಗಳನ್ನು ಮುಟ್ಟುವಂತಿರಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದರು. ಆಕಳ ಎಂದಕೂಡಲೇ ಕೈ ಮುಗಿದರು.

ಪ್ರತಿ ಶನಿವಾರ ಚಿಕ್ಕೋಡಿಯಿಂದ ನರ್ಸ್ ಬಂದು ಚುಚ್ಚುತ್ತಿದ್ದರು. ಔಷಧಿ ಅಲ್ಲಿಯವರೆಗೆ ಫ್ರಿಜ್ಜಿನಲ್ಲೇ ಇರಬೇಕು. ಒಂದು ಶನಿವಾರ ನಾನು ಸ್ನಾನ ಮುಗಿಸಿ ಬಂದರೆ ಫ್ರಿಜ್ಜಿನಲ್ಲಿ ಬಾಟಲಿ ಇಲ್ಲ.

ದೇವರ ಜಗಲಿಯ ಮೇಲಿತ್ತು. ಅರಿಷಿಣ, ಕುಂಕುಮ, ಹೂವು. ಪಕ್ಕದಲ್ಲೇ ಉರಿಯುವ ದೀಪ.

ಮುಟ್ಟಿದರೆ ಬಿಸಿ. ಫೋನ್ ಮಾಡಿದಾಗ ಡಾಕ್ಟರ್ ಕೊಡಬೇಡಿ ಎಂದರು. ಇನ್ನೊಂದು ಬರುವುದು ಮುಂದಿನ ವಾರ.

“ಮನಿಗಿ ಏನ್ ಬಂದ್ರೂ ಮೊದ್ಲ ದೇವರ ಮುಂದ ಇಡ್ತೀವಲ್ಲ” ಎಂದರು ಅತ್ತೆ, ದನಿ ಇಳಿದು. “ಇದಂತೂ ಆಕಳದ್ದು ಅಂದಿ. ಹಂಗ ಹೆಂಗ ಕೊಡೂದಂತ ಇಟ್ಟೆನವ್ವಾ.”

ಮೈಯೆಲ್ಲ ಉರಿಯಿತು. ಆದರೆ ಇವರು ಬರೀ ಅತ್ತೆಯಲ್ಲ, ನನ್ನಪ್ಪನ ತಂಗಿ. ನನ್ನನ್ನು ಎತ್ತಿ ಆಡಿಸಿದ ಕೈ ಅದು. ಬಾಟಲಿಗೆ ಮೆತ್ತಿದ ಕುಂಕುಮ ಒರೆಸತೊಡಗಿದೆ.

ಬುಧವಾರ ಮಗುವಿಗೆ ಜ್ವರ ಬಂತು.

ಆಸ್ಪತ್ರೆ, ಸಲೈನ್, ಆಂಟಿಬಯೋಟಿಕ್. ಅತ್ತೆ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಶನಿವಾರ ಹೊಸ ಬಾಟಲಿ ಬಂತು. ಜ್ವರವೂ ಇಳಿಯಿತು. ಮನೆಗೆ ಬಂದಾಗ ಫ್ರಿಜ್ಜಿನ ಬಾಗಿಲಿಗೆ ಅತ್ತೆ ಅರಿಷಿಣ ಕುಂಕುಮ ಹಚ್ಚಿದ್ದರು. ಬಾಗಿಲನ್ನು ಮಾತ್ರ ಅವರು ಮತ್ತೆಂದೂ ತೆರೆಯಲಿಲ್ಲ. ಹಾಲು ಬೇಕಾದರೂ ನನ್ನನ್ನೇ ಕರೆಯುತ್ತಾರೆ.

ಹೋದ ತಿಂಗಳು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕೌಂಟ್ ಏರಿತು. ಅಜ್ಜಿ ಎತ್ತಿಕೊಳ್ಳಬಹುದು ಎಂದರು ಡಾಕ್ಟರ್. ಟ್ರಾನ್ಸ್‌ಪ್ಲಾಂಟ್ ಇನ್ನೂ ಮುಂದಿದೆ, ಹೆದರಿಕೆಯೂ ಇದೆ. ಆದರೂ ಆ ದಿನ ಅತ್ತೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮಾಸ್ಕ್ ಕಟ್ಟಿಕೊಂಡು ಚಾಪೆಯ ಮೇಲೆ ಕುಳಿತರು. ನಾನು ಸಾನ್ವಿಯನ್ನು ಅವರ ತೊಡೆಯ ಮೇಲೆ ಇಟ್ಟೆ.

ಬಹಳ ಹೊತ್ತು ನೋಡಿದರು.

“ನಾವೆಲ್ಲಾರೂ ಕೂಡಿ ಇಕಿಗಿ ಕೊಡಾಕ ಆಗಲಾರದ್ದನ್ನ” ಎಂದರು. “ಎಲ್ಲಿದೋ ಆಕಳ ಕೊಡ್ತು ನೋಡ.”

ಸಾನ್ವಿ ಅವರ ಬೆರಳು ಹಿಡಿದಳು. ಅತ್ತೆ ನನ್ನ ಮುಖ ನೋಡಿದರು, ಹಿಡಿದುಕೊಳ್ಳಲು ಬಿಡಲೇ ಎಂಬಂತೆ. ನಾನು ಹೂಂ ಎಂದು ತಲೆಯಾಡಿಸಿದೆ.